ದುಡ್ಡು ಹೋದ ಮೊದಲ ಒಂದು ಗಂಟೆ: 1930 ನೆನಪಿರಲಿ

ಈ ವಾರ ಗೊಬ್ಬರ, ಔಷಧಿ ಮಾತು ಬೇಡ. ನಮ್ಮ ಚಿಕ್ಕಪ್ಪನ ಕೊಬ್ಬರಿ ದುಡ್ಡು ಹೋದ ಕಥೆ ಹೇಳ್ತೀನಿ. ತಪ್ಪು ಚಿಕ್ಕಪ್ಪನದು ಮಾತ್ರ ಅಲ್ಲ, ನನ್ನದೂ ಇದೆ.

ಊರಿನ ವಾಟ್ಸಾಪ್ ಗುಂಪಿಗೆ 'ಪಿಎಂ ಕಿಸಾನ್' ಅಂತ ಹೆಸರಿದ್ದ ಒಂದು ಎಪಿಕೆ ಫೈಲ್ ಬಂದಿತ್ತು. ಇ-ಕೆವೈಸಿ ಮಾಡದಿದ್ದರೆ ಮುಂದಿನ ಕಂತು ಬರಲ್ಲ ಅಂತ ಕೆಳಗೆ ಬರೆದಿತ್ತು. ಚಿಕ್ಕಪ್ಪ ಬೆಳಗ್ಗೆ ಒಂಬತ್ತೂವರೆಗೆ ಅದನ್ನು ಇನ್‌ಸ್ಟಾಲ್ ಮಾಡಿ, ಕೇಳಿದ್ದಕ್ಕೆಲ್ಲ 'ಅಲೋ' ಒತ್ತಿದರು. ಇಂಥ ಆಪ್‌ಗೆ ಮೆಸೇಜ್ ಓದಲು ಅನುಮತಿ ಕೊಟ್ಟರೆ ನಮ್ಮ ಒಟಿಪಿ ನೇರ ಕಳ್ಳನ ಕೈಗೆ ಹೋಗುತ್ತೆ. ಹತ್ತೂಕಾಲರ ಹೊತ್ತಿಗೆ ಎರಡು ಸಲಕ್ಕೆ 48,000 ರೂಪಾಯಿ ಖಾಲಿ.

ನಾನು ತೋಟದಿಂದ ಮನೆಗೆ ಬಂದಿದ್ದು ಹನ್ನೆರಡಕ್ಕೆ. ಅಲ್ಲಿವರೆಗೂ ಅವರು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. "ನಾಲ್ಕು ಜನಕ್ಕೆ ಗೊತ್ತಾದ್ರೆ ನಗ್ತಾರೆ ಕಣೋ" ಅಂದರು. ನಾನು ತಕ್ಷಣ ಫೋನ್ ಮಾಡೋದು ಬಿಟ್ಟು ಅವರನ್ನು ಬೈಕ್‌ನಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಹೋದೆ. ಅಲ್ಲಿ ಸಾಲು, ಊಟದ ಹೊತ್ತು. ಕೊನೆಗೆ 1930ಕ್ಕೆ ಕರೆ ಹೋಗಿದ್ದು ಒಂದೂ ನಲವತ್ತಕ್ಕೆ. ತಡೆಹಿಡಿಯೋಕೆ ಸಿಕ್ಕಿದ್ದು ಬರೀ 9,000. ಉಳಿದ 39,000 ಹೋಯ್ತು.

ಒಂದು ಗಂಟೆಗೆ ಯಾಕಿಷ್ಟು ಬೆಲೆ?

1930 ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ವ್ಯವಸ್ಥೆಯ ಸಹಾಯವಾಣಿ. ಇಲ್ಲಿ ನಿಮ್ಮ ದೂರು ಹಾಳೆಯ ಮೇಲೆ ಕೂರಲ್ಲ. ಪೊಲೀಸರು ವಿವರ ದಾಖಲಿಸಿದ ಕೂಡಲೇ ಅದು ಆನ್‌ಲೈನ್‌ನಲ್ಲೇ ಸಂಬಂಧಪಟ್ಟ ಬ್ಯಾಂಕಿಗೆ ಹೋಗುತ್ತೆ. ದುಡ್ಡು ಆ ಖಾತೆಯಲ್ಲಿ ಇನ್ನೂ ಇದ್ದರೆ ಅಲ್ಲೇ ತಡೆಹಿಡೀತಾರೆ. ಬೇರೆ ಬ್ಯಾಂಕಿಗೆ ದಾಟಿದ್ದರೆ ದೂರು ಆ ಬ್ಯಾಂಕಿಗೆ ಹೋಗುತ್ತೆ.

ಕಳ್ಳರು ಸುಮ್ಮನೆ ಕೂರಲ್ಲ. ಕಮಿಷನ್ ಆಸೆಗೆ ಯಾರೋ ಕೊಟ್ಟ ಬಾಡಿಗೆ ಖಾತೆಗಳಿಗೆ ದುಡ್ಡನ್ನು ಹಂಚಿ, ಎಟಿಎಂನಲ್ಲಿ ತೆಗೀತಾರೆ. ಒಡೆದ ಕಾಲುವೆ ಇದ್ದ ಹಾಗೆ. ಬೇಗ ಮಣ್ಣು ಹಾಕಿದರೆ ಸ್ವಲ್ಪವಾದರೂ ನೀರು ಉಳಿಯುತ್ತೆ.

ಏನು ಮಾಡಬೇಕು?

1. ಮೋಸ ಆದ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಮಾಡಿ. ಗಾಬರಿಯಲ್ಲಿ ರೀಸೆಟ್ ಮಾಡಬೇಡಿ, ಸಾಕ್ಷಿ ಅಳಿಸಿಹೋಗುತ್ತೆ.

2. ಮನೆಯವರ ಫೋನಿನಿಂದ 1930ಕ್ಕೆ ಕರೆ ಮಾಡಿ. ಖಾತೆ ಸಂಖ್ಯೆ, ಬ್ಯಾಂಕಿಗೆ ಕೊಟ್ಟಿರೋ ಮೊಬೈಲ್ ನಂಬರ್, ಹೋದ ಮೊತ್ತ, ಸಮಯ, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಯುಪಿಐ ಆದರೆ ಆ ಸಂಖ್ಯೆ 12 ಅಂಕಿ ಇರುತ್ತೆ.

3. ಲೈನ್ ಸಿಗದಿದ್ದರೆ ಕಾಯುತ್ತಾ ಕೂರಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ನೀವೇ ದೂರು ದಾಖಲಿಸಿ. 1930ರಲ್ಲಿ ದೂರು ಕೊಟ್ಟಿದ್ದರೆ, ಅವರು ಕೊಡೋ ಸ್ವೀಕೃತಿ ಸಂಖ್ಯೆ ಹಾಕಿ 24 ಗಂಟೆಯೊಳಗೆ ಅದೇ ತಾಣದಲ್ಲಿ ಪೂರ್ತಿ ವಿವರ ತುಂಬಿ.

4. ಬ್ಯಾಂಕಿಗೂ ತಿಳಿಸಿ, ಖಾತೆ ಬ್ಲಾಕ್ ಮಾಡಿಸಿ. ಆರ್‌ಬಿಐ ನಿಯಮದ ಪ್ರಕಾರ, ನಾವು ಬ್ಯಾಂಕಿಗೆ ತಿಳಿಸಿದ ಮೇಲೆ ನಮಗೆ ಗೊತ್ತಿಲ್ಲದೆ ಹೋಗೋ ದುಡ್ಡಿನ ನಷ್ಟ ಬ್ಯಾಂಕಿನದು. ಹಾಗಾಗಿ ತಿಳಿಸಿದ ಸಮಯಕ್ಕೆ ಪುರಾವೆ ಇಟ್ಟುಕೊಳ್ಳಿ.

5. ಆಮೇಲೆ ಠಾಣೆಗೆ ಹೋಗಿ. ಜಿಲ್ಲೆಗಳಲ್ಲಿ ಸೈಬರ್ ಅಪರಾಧದ ದೂರು ತಗೊಳ್ಳೋ ಠಾಣೆ ಇದೆ. ದೂರ ಆದರೆ ಹತ್ತಿರದ ಠಾಣೆಗೇ ಹೋಗಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನ 173ನೇ ಕಲಂ ಪ್ರಕಾರ, ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನ್‌ನಲ್ಲೂ ಕೊಡಬಹುದು, ಆದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಈ ಸಹಿ ಮರೆಯಬೇಡಿ.

ತಡೆಹಿಡಿದ ದುಡ್ಡು ಮರುದಿನವೇ ಖಾತೆಗೆ ಬರುತ್ತೆ ಅಂದುಕೊಳ್ಳಬೇಡಿ. ಚಿಕ್ಕಪ್ಪನ 9,000 ನ್ಯಾಯಾಲಯದ ಆದೇಶ ಆಗಿ ಕೈಗೆ ಬರೋಕೆ ತಿಂಗಳುಗಳೇ ಹಿಡಿದವು. ಅದಕ್ಕೆ ಬೇಕಾಗಿದ್ದು ದೂರಿನ ಪ್ರತಿ ಮತ್ತು ಸ್ವೀಕೃತಿ ಸಂಖ್ಯೆ.

ಇನ್ನೆರಡು ವಿಷಯ

ಫೋನೇ ಕಳುವಾದರೆ ಠಾಣೆಯಲ್ಲಿ ದೂರು ಕೊಟ್ಟು, ಅದೇ ನಂಬರಿನ ಹೊಸ ಸಿಮ್ ತಗೊಂಡು, ಸಂಚಾರ್ ಸಾಥಿ ತಾಣದ ಸಿಇಐಆರ್ ವಿಭಾಗದಲ್ಲಿ ಫೋನ್ ಬ್ಲಾಕ್ ಮಾಡಿಸಿ. ಐಎಂಇಐ ಸಂಖ್ಯೆ ಬೇಕಾಗುತ್ತೆ. ಇವತ್ತೇ *#06# ಒತ್ತಿ ನೋಡಿ, ಪಾಸ್‌ಬುಕ್ಕಿನ ಹಿಂದೆ ಬರೆದಿಡಿ. ರಾತ್ರಿ ಪಂಪಿನ ಕೇಬಲ್ ಕದಿಯೋರು ಕಣ್ಣಿಗೆ ಬಿದ್ದರೆ ಒಬ್ಬರೇ ಹೋಗಬೇಡಿ, 112ಕ್ಕೆ ಕರೆ ಮಾಡಿ.

ಎರಡನೆಯದು ಎಚ್ಚರಿಕೆ. ಸಹಾಯವಾಣಿ ನಂಬರನ್ನು ಇಂಟರ್ನೆಟ್‌ನಲ್ಲಿ ಹುಡುಕಬೇಡಿ, ಅಲ್ಲಿ ನಕಲಿ ನಂಬರುಗಳೂ ಇರುತ್ತವೆ. "ಹೋದ ದುಡ್ಡು ವಾಪಸ್ ಕೊಡಿಸ್ತೀವಿ, ಶುಲ್ಕ ಕಟ್ಟಿ" ಅಂದವನು ಎರಡನೇ ಕಳ್ಳ. ಪೊಲೀಸರು ಒಟಿಪಿ ಕೇಳಲ್ಲ. 'ಡಿಜಿಟಲ್ ಅರೆಸ್ಟ್' ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ.

ಇದನ್ನು ಓದಿದ ನೀವು ಫೋನ್ ಬಲ್ಲವರು. ಆದರೆ ಮನೆಯಲ್ಲಿ ಅಪ್ಪ, ದೊಡ್ಡಪ್ಪ, ಅತ್ತೆ ಇದ್ದಾರಲ್ಲ, ಅವರ ಫೋನಿನಲ್ಲಿ 1930 ಸೇವ್ ಮಾಡಿಕೊಡಿ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿ: "ಏನಾದ್ರೂ ಆದ್ರೆ ಮೊದಲು ನನಗೆ ಹೇಳಿ, ನಾನು ಬೈಯಲ್ಲ." ನಮ್ಮ ಚಿಕ್ಕಪ್ಪನಿಗೆ ಈ ಮಾತನ್ನು ನಾನು ಮೊದಲೇ ಹೇಳಿದ್ದರೆ, ಹತ್ತೂಕಾಲಿಗೇ ನನ್ನ ಫೋನ್ ರಿಂಗ್ ಆಗ್ತಿತ್ತು.