ನೆಟ್ ಬಂತೆಂದರೆ ದಂಧೆ ಕುದುರಿತೇ?

ಬಾಗಲಕೋಟೆಯಿಂದ ಬೀಳಗಿಗೆ ಹೊರಟರೆ ಘಟಪ್ರಭೆಯ ಸೇತುವೆಯ ಬಳಿ ಅನಗವಾಡಿ. ಸುತ್ತೆಲ್ಲ ಕಬ್ಬು, ಆಚೆಗೆ ಮಹಾಲಿಂಗಪುರದ ಬೆಲ್ಲದ ಪೇಟೆ, ರಬಕವಿ-ಬನಹಟ್ಟಿಯ ಮಗ್ಗಗಳು. ಇಂಥ ಕಡೆ ಹೊಸ ಉದ್ಯಮದ ಮಾತೆತ್ತಿದರೆ ಇಂಟರ್ನೆಟ್ ಬಗ್ಗೆ ಕೆಲವು ನಂಬಿಕೆಗಳು ಎದುರಾಗುತ್ತವೆ.

“ಡೇಟಾ ಅಗ್ಗವಾಯಿತು, ಇನ್ನು ಹಳ್ಳಿಯಿಂದಲೇ ಏನು ಬೇಕಾದರೂ ಮಾರಬಹುದು.”

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ದರ ಕುಸಿದದ್ದು ನಿಜ. ಆದರೆ ಅದು ಮೊದಲು ಹುಟ್ಟಿಸಿದ್ದು ಗಿರಾಕಿಗಳನ್ನು, ಮಾರುವವರನ್ನಲ್ಲ. ಊರಿಗೆ ಪಾರ್ಸೆಲ್ ಬರುವುದು ಸಲೀಸಾಯಿತು, ಊರಿಂದ ಹೋಗುವುದು ಅಷ್ಟು ಸಲೀಸಾಗಲಿಲ್ಲ. ಬೆಲ್ಲವನ್ನೇ ನೋಡಿ: ತೂಕ ಹೆಚ್ಚು, ಬೆಲೆ ಕಡಿಮೆ. ಒಂದು ಪೆಂಟಿಯನ್ನು ಕೊರಿಯರಿಗೆ ಹಾಕಿದರೆ ಸಾಗಣೆ ಖರ್ಚೇ ಲಾಭವನ್ನು ನುಂಗುತ್ತದೆ. ಮಳೆಗಾಲದಲ್ಲಿ ನೀರೊಡೆದು ಗಿರಾಕಿ ವಾಪಸ್ ಕಳಿಸಿದನೋ, ಆ ಹೊರೆಯೂ ಬಹುಪಾಲು ಮಾರಿದವನ ಮೇಲೆ. ಇಳಕಲ್ ಸೀರೆ ಹಾಗಲ್ಲ; ಹಗುರ, ಕೆಡುವುದಿಲ್ಲ, ಬೆಲೆಯೂ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಹಾಕಿದರೆ ಮಾತುಕತೆ ಶುರು. ನೆಟ್ ಇಬ್ಬರಿಗೂ ಒಂದೇ, ಮಾಲು ಒಂದೇ ಅಲ್ಲ.

“ಪುಕ್ಕಟೆ ನೆಟ್ ಕೊಟ್ಟರೆ ಸಣ್ಣವರಿಗೂ ಒಳ್ಳೆಯದೇ.”

ಕೇಳಲು ಚೆಂದ. ಫೇಸ್‌ಬುಕ್ ‘ಫ್ರೀ ಬೇಸಿಕ್ಸ್’ ತಂದಾಗ ವಾದವಿದ್ದದ್ದು ಹೀಗೇ. ಆದರೆ ಪುಕ್ಕಟೆ ಸಿಗುತ್ತಿದ್ದದ್ದು ಅದರೊಳಗಿನ ಕೆಲವು ತಾಣಗಳು ಮಾತ್ರ. ಷರತ್ತು ಪೂರೈಸಿದ ಯಾರಾದರೂ ಸೇರಬಹುದು ಎಂದು ಕಂಪನಿ ಹೇಳಿತು, ಷರತ್ತು ಬರೆಯುವವರು ಮಾತ್ರ ತಾವೇ! ಬನಹಟ್ಟಿಯ ನೇಕಾರರ ಹುಡುಗನೊಬ್ಬ ಸೀರೆ ಮಾರಲು ತಾಣ ತೆರೆದನೆನ್ನಿ. ದೊಡ್ಡವರ ಅಂಗಡಿ ನೋಡಲು ಗಿರಾಕಿಗೆ ಕಾಸಿನ ಖರ್ಚಿಲ್ಲ, ಇವನದಕ್ಕೆ ಡೇಟಾ ಖರ್ಚು. ಹೊಸಬ ಶುರುವಿನಲ್ಲೇ ಸೋತ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2016ರ ಫೆಬ್ರವರಿ 8ರಂದು ನೋಡುವ ತಾಣಕ್ಕೆ ತಕ್ಕಂತೆ ಡೇಟಾ ದರ ಬದಲಿಸುವುದನ್ನು ನಿಷೇಧಿಸಿತು. ನನ್ನ ಮಟ್ಟಿಗೆ, ಸಣ್ಣ ಉದ್ಯಮಿಗೆ ಅನುದಾನಕ್ಕಿಂತ ಹೆಚ್ಚು ನೆರವಾದ ಆದೇಶ ಅದು.

“ಪಂಚಾಯಿತಿಗೆ ಫೈಬರ್ ಬಂದಿದೆಯಲ್ಲ, ಇನ್ನೇನು?”

2011ರಲ್ಲಿ ಮಂಜೂರಾದ, ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯ ಮೊದಲ ಗುರಿ ಗ್ರಾಮ ಪಂಚಾಯಿತಿ, ಬೆಲ್ಲ ಮಾಡುವ ಗಾಣದ ಮನೆಯಲ್ಲ. ಉಳಿದ ದಾರಿ ಬೇರೆ ಯಾರಾದರೂ ಎಳೆಯಬೇಕು. ಕರೆಂಟ್ ಹೋದರೆ ರೂಟರೂ ಹೋಯಿತು.

“ಆನ್‌ಲೈನ್ ಮಾರಲು ಜಿಎಸ್‌ಟಿ ನೋಂದಣಿ ಬೇಕೇ ಬೇಕು.”

ಅರ್ಧ ಹಳೆಯ ಮಾತು. ವಹಿವಾಟು ಎಷ್ಟೇ ಸಣ್ಣದಿರಲಿ, ಆನ್‌ಲೈನ್ ಮಾರಾಟ ವೇದಿಕೆಯಲ್ಲಿ ತೆರಿಗೆಯುಳ್ಳ ಸರಕು ಮಾರುವವರಿಗೆ ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ, ನೋಂದಣಿಯ ವಹಿವಾಟು ಮಿತಿಯೊಳಗಿನವರು ರಾಜ್ಯದೊಳಗೆ ಮಾತ್ರ ಮಾರುವುದಾದರೆ ದಾಖಲಾತಿ ಸಂಖ್ಯೆಯೊಂದು ಸಾಕು. ಸರಿ, ಆದರೆ ಜಮಖಂಡಿ ಕಡೆಯವರಿಗೆ ಮಗ್ಗುಲಲ್ಲೇ ಮಹಾರಾಷ್ಟ್ರ. ಈ ಸಡಿಲಿಕೆಯಲ್ಲಿ ದೂರದ ಕೋಲಾರಕ್ಕೆ ಸೀರೆ ಕಳಿಸಬಹುದು, ಹತ್ತಿರದ ಸಾಂಗ್ಲಿಗೆ ಕಳಿಸುವಂತಿಲ್ಲ.

“ಯುಪಿಐ ತಗೊಂಡರೆ ಟ್ಯಾಕ್ಸ್ ಬೀಳುತ್ತೆ.”

2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಜಮೆ ನೋಡಿ ಜಿಎಸ್‌ಟಿ ನೋಟಿಸ್ ಬಂದಾಗ ಕೆಲವರು ಕ್ಯೂಆರ್ ಚೀಟಿಯನ್ನೇ ಕಿತ್ತರು. ತೆರಿಗೆ ಬೀಳುವುದು ವಹಿವಾಟಿನ ಮೇಲೆ: ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ. ಹಣ ಕೈಯಲ್ಲಿ ಬಂದರೂ ಲೆಕ್ಕ ಅದೇ.

“ಪೇಟೆ ಆನ್‌ಲೈನ್ ಆದರೆ ದಲಾಲರು ಮಾಯ.”

ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್ 2016ರಲ್ಲಿ ಬರುವ ಮೊದಲೇ, 2014ರಲ್ಲಿ ಕರ್ನಾಟಕ ತನ್ನ ಎಪಿಎಂಸಿಗಳಲ್ಲಿ ಕಂಪ್ಯೂಟರ್ ಹರಾಜು ಶುರುಮಾಡಿತ್ತು. ದಲಾಲರು ಹೋಗಲಿಲ್ಲ. ಮಾಲು ಇಳಿಯುವುದು ಅವರ ಅಂಗಡಿಯಲ್ಲೇ. ಬಿತ್ತನೆಗೂ ಮದುವೆಗೂ ರೈತನಿಗೆ ಮುಂಗಡ ಕೊಡುವವರೂ ಅವರೇ. ಇನ್ನು ಗುಣಮಟ್ಟ ಅಳೆದು ಹೇಳುವವರಿಲ್ಲದ ಕಡೆ ವ್ಯಾಪಾರಿ ಬೆಲ್ಲದ ಪೆಂಟಿ ಮುರಿದು, ಬಾಯಿಗೆ ಹಾಕಿಕೊಂಡು ನೋಡಿಯೇ ದರ ಹೇಳುತ್ತಾನೆ. ಈ ಭಾಗದಲ್ಲಿ ಕಂಪನಿ ಕಟ್ಟಹೊರಟವರು ಮತ್ತೊಂದು ಮಾರಾಟದ ಆ್ಯಪ್ ಮಾಡುವುದಕ್ಕಿಂತ ಈ ಅಳೆಯುವ ಕೆಲಸಕ್ಕೆ, ಈ ಮುಂಗಡದ ಕೆಲಸಕ್ಕೆ ಕೈಹಾಕಲಿ. ಗಿರಾಕಿ ಇಲ್ಲೇ ಇದ್ದಾರೆ.