ಹಳೆಯ ಎಸ್‌ಯುವಿ, ಹೊಸ ಹಂಬಲ: ದೂರ ಪಯಣಿಗರಿಗೆ ಕೆಲವು ಆರೋಗ್ಯ ವಿಚಾರಗಳು

ಮುಂಬಯಿ ಕನ್ನಡಿಗನಿಗೆ ಪ್ರವಾಸವೆಂದರೆ ಒಂದು ಕಾಲದಲ್ಲಿ ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವುದು. ರಾತ್ರಿಯ ಬಸ್ಸೋ ರೈಲಿನ ಹಲಗೆಯೋ ಅದಕ್ಕೆ ಸಾಕಾಗಿತ್ತು. ಇಂದಿನ ಮಕ್ಕಳಿಗೆ ಊರು ಮಾತ್ರ ಸಾಲದು, ದಾರಿಯೂ ಬೇಕು. ಗುಡ್ಡ ಹತ್ತಬೇಕು, ಕಚ್ಚಾ ರಸ್ತೆಯಲ್ಲಿ ಸಾಗಬೇಕು, ಇರುಳಾದಲ್ಲಿ ತಂಗಬೇಕು. ಹೊಸ ವಾಹನದ ಬೆಲೆ ಕೈಗೆಟುಕದ ಮನೆಗಳಲ್ಲಿ ಎಂಟು-ಹತ್ತು ವರ್ಷ ಓಡಿದ ಎಸ್‌ಯುವಿಯೊಂದನ್ನು ಕೊಂಡು, ಮೇಲೆ ಕ್ಯಾರಿಯರ್, ಮುಂದೆ ಉಕ್ಕಿನ ಗಾರ್ಡ್, ಒಳಗೆ ಮಲಗುವ ಹಲಗೆ, ಎರಡನೆಯ ಬ್ಯಾಟರಿ, ನೀರಿನ ಟಾಕಿ ಕೂಡಿಸಿಕೊಳ್ಳುವ ರೂಢಿ ಈಚೆಗೆ ಬೆಳೆದಿದೆ.

ಈ ಹಂಬಲ ತಪ್ಪೆಂದು ಹೇಳುವುದು ನಮ್ಮ ಉದ್ದೇಶವಲ್ಲ. ನಾವೂ ಅದಕ್ಕೆ ಒಳಗಾದವರೇ. ಆದರೆ ವಾಹನದ ಅಲಂಕಾರವನ್ನು ಕುರಿತು ಮಾತನಾಡುವವರು ಬಹಳ. ಅದರೊಳಗೆ ಕುಳಿತು, ಮಲಗಿ ಪ್ರಯಾಣ ಮಾಡುವ ದೇಹಗಳ ವಿಚಾರ ಮಾಡುವವರು ವಿರಳ. ನಮಗೆ ಆ ಪಾಠ ದಾರಿಯಲ್ಲಿಯೇ ದೊರೆಯಿತು.

ನಾಸಿಕದಿಂದ ಎಲ್ಲೋರಾಕ್ಕೆ

ಇಂಥ ಪ್ರವಾಸಕ್ಕೆ ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳ ಸೀಮೆಗಿಂತ ತಕ್ಕ ಪ್ರದೇಶ ಸಮೀಪದಲ್ಲಿ ಇನ್ನೊಂದಿಲ್ಲ. ಎರಡೂ ವಾಹನ ತಯಾರಿಕೆಯ ಊರುಗಳು. 2002ರಲ್ಲಿ ಹೊರಬಂದ ಮಹೀಂದ್ರಾ ಸ್ಕಾರ್ಪಿಯೊ ಸಿದ್ಧವಾದದ್ದು ನಾಸಿಕದ ಕಾರ್ಖಾನೆಯಲ್ಲಿ. 2023ರವರೆಗೆ ಔರಂಗಾಬಾದ್ ಎಂದೇ ಕರೆಯಲ್ಪಡುತ್ತಿದ್ದ ಸಂಭಾಜಿನಗರದ ಶೇಂದ್ರಾ ಕೈಗಾರಿಕಾ ಪ್ರದೇಶದಲ್ಲಿ ಸ್ಕೋಡಾ ಕಂಪನಿಯ ಕಾರುಗಳ ಜೋಡಣೆ 2001ರಲ್ಲಿ ಆರಂಭವಾಯಿತು. ಆದುದರಿಂದ ಈ ಭಾಗದಲ್ಲಿ ಹಳೆಯ ವಾಹನಗಳನ್ನು ಬಲ್ಲ ಮೆಕ್ಯಾನಿಕರಿಗೆ ಬರವಿಲ್ಲ.

ಕನ್ನಡಿಗರಾದ ನಮಗೆ ಈ ಸೀಮೆ ಪರಕೀಯವೂ ಅಲ್ಲ. ಎಲ್ಲೋರಾದ ಕೈಲಾಸ ದೇವಾಲಯ ಎಂಟನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ್ದು. ದೇವಗಿರಿಯ ಸೇವುಣರು ಕನ್ನಡದಲ್ಲಿಯೂ ಶಾಸನಗಳನ್ನು ಬರೆಸಿದವರು. ಮಕ್ಕಳಿಗೆ ಇದನ್ನೆಲ್ಲ ತೋರಿಸಬೇಕೆಂದು, ಮೇ ತಿಂಗಳ ರಜೆಯಲ್ಲಿ, ಹೊಸದಾಗಿ ಸಜ್ಜುಗೊಳಿಸಿದ ನಮ್ಮ ಹಳೆಯ ಡೀಸೆಲ್ ವಾಹನದಲ್ಲಿ ಆರು ಮಂದಿ ಹೊರಟೆವು. ಎಪ್ಪತ್ತು ದಾಟಿದ ನಮ್ಮ ತಾಯಿಯವರೂ ಜೊತೆಗಿದ್ದರು.

ಒಂದು ರಾತ್ರಿಯ ಅನುಭವ

ನಾಸಿಕದಿಂದ ಯೇವಲಾ ಮಾರ್ಗವಾಗಿ ವೈಜಾಪುರದ ಆಚೆ ಹೋಗುವಷ್ಟರಲ್ಲಿ ಕತ್ತಲಾಯಿತು. ಒಂದು ಢಾಬಾದ ಅಂಗಳದಲ್ಲಿ, ಕಾಂಪೌಂಡ್ ಗೋಡೆಗೆ ಹಿಂಬದಿಯನ್ನು ಒತ್ತಿ ವಾಹನ ನಿಲ್ಲಿಸಿದೆವು. ಸೆಕೆ ತಾಳಲಾರದಷ್ಟಿತ್ತು. ಎಂಜಿನ್ ಚಾಲೂ ಇಟ್ಟು, ಎ.ಸಿ. ಹಾಕಿ, ಗಾಜುಗಳನ್ನೆಲ್ಲ ಏರಿಸಿ, ತಾಯಿಯವರನ್ನೂ ಕಿರಿಯ ಮಗುವನ್ನೂ ಒಳಗೆ ಮಲಗಿಸಿ, ಉಳಿದವರು ಹೊರಗೆ ಮಂಚದ ಮೇಲೆ ಮಾತನಾಡುತ್ತ ಕುಳಿತೆವು. ಮುಕ್ಕಾಲು ಗಂಟೆಯ ಮೇಲೆ ತಾಯಿಯವರು ಬಾಗಿಲು ತೆರೆದು, “ತಲೆ ಸಿಡೀತಿದೆ ಕಣಪ್ಪ, ಹೊಟ್ಟೆ ತೊಳಸ್ತಿದೆ” ಎಂದರು. ಮಗುವನ್ನು ಎಬ್ಬಿಸಿದರೆ ಅದು ಮಂಪರಿನಲ್ಲಿತ್ತು. ಇಬ್ಬರನ್ನೂ ಗಾಳಿಗೆ ತಂದು ಸಮೀಪದ ವೈದ್ಯರಲ್ಲಿಗೆ ಕರೆದೊಯ್ದೆವು. ವೈದ್ಯರು ಆಮ್ಲಜನಕ ಕೊಟ್ಟರು. ಬೆಳಗಾಗುವಷ್ಟರಲ್ಲಿ ಇಬ್ಬರೂ ಚೇತರಿಸಿಕೊಂಡರು.

ಮರುದಿನ ಸಂಭಾಜಿನಗರದಲ್ಲಿ ಒಬ್ಬ ಹಿರಿಯ ಮೆಕ್ಯಾನಿಕರು ವಾಹನವನ್ನು ಮೇಲೆತ್ತಿ ನೋಡಿದರು. ಸೈಲೆನ್ಸರ್ ಕೊಳವೆಯ ಒಂದು ಜೋಡಣೆ ತುಕ್ಕು ಹಿಡಿದು ಸೀಳಿತ್ತು. ಎರಡನೆಯ ಬ್ಯಾಟರಿಯ ತಂತಿಗಾಗಿ ನೆಲದ ತಗಡಿನಲ್ಲಿ ಕೊರೆದ ತೂತಿಗೆ ರಬ್ಬರ್ ಬಿರಟೆಯನ್ನೇ ಹಾಕಿರಲಿಲ್ಲ. ಹಳೆಯ ವಾಹನದ ದೋಷವೂ ಹೊಸ ಮಾರ್ಪಾಟಿನ ದೋಷವೂ ಒಂದೇ ಕಡೆ ಕೂಡಿದ್ದವು. ಕೊಳ್ಳುವಾಗ ಬಣ್ಣ, ದೀಪ, ಸೀಟುಗಳನ್ನು ನೋಡಿದ ನಾವು ಕೆಳಗೆ ಬಗ್ಗಿ ನೋಡಿರಲಿಲ್ಲ.

ಕಾಣದ ವಿಷ

ಇಂಧನ ಅರೆಬರೆಯಾಗಿ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಹೀಗಾಗಿ ಉಸಿರಾಟ ನಡೆಯುತ್ತಿದ್ದರೂ ಮಿದುಳಿಗೂ ಹೃದಯಕ್ಕೂ ಆಮ್ಲಜನಕ ಸಾಲದೆ ಬರುತ್ತದೆ. ತಲೆನೋವು, ಓಕರಿಕೆ, ತಲೆಸುತ್ತು, ಮಂಪರು ಇದರ ಮೊದಲ ಲಕ್ಷಣಗಳು. ನಿದ್ರಿಸುತ್ತಿರುವವನಿಗೆ ಇವು ತಿಳಿಯದೆಯೇ ಪ್ರಾಣ ಹೋಗಬಹುದು. ಡೀಸೆಲ್ ಹೊಗೆಯಲ್ಲಿ ಈ ಅನಿಲ ಪೆಟ್ರೋಲಿಗಿಂತ ಕಡಿಮೆಯೆಂಬುದು ನಿಜ, ಇಲ್ಲವೇ ಇಲ್ಲವೆಂದಲ್ಲ.

ಕೋವಿಡ್ ಕಾಲದಲ್ಲಿ ಅನೇಕ ಮನೆಗಳಿಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ನಂಬಿಕೆಗೆ ತಕ್ಕುದಲ್ಲ. ಸಾಮಾನ್ಯ ಆಕ್ಸಿಮೀಟರ್ ಆಮ್ಲಜನಕವನ್ನೂ ಈ ವಿಷವನ್ನೂ ಬೇರ್ಪಡಿಸಲಾರದು. ಅಪಾಯದಲ್ಲಿಯೂ ಅಂಕಿ ಚೆನ್ನಾಗಿಯೇ ಕಾಣಬಹುದು. ರೋಗಿಯನ್ನು ಕೂಡಲೇ ಬಯಲಿಗೆ ತರಬೇಕು, ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡಿಸಬೇಕು.

ಆದುದರಿಂದ ಎಂಜಿನ್ ಚಾಲೂ ಇಟ್ಟು ವಾಹನದೊಳಗೆ ಮಲಗಕೂಡದು. ಗ್ಯಾಸ್ ಒಲೆಯನ್ನಾಗಲಿ ಇದ್ದಿಲಿನ ಶೆಗಡಿಯನ್ನಾಗಲಿ ಒಳಗೆ ಹಚ್ಚಕೂಡದು. ಮಲಗುವಾಗ ಎದುರುಬದುರಿನ ಎರಡು ಗಾಜುಗಳನ್ನು ಸ್ವಲ್ಪ ಇಳಿಸಿ ಸೊಳ್ಳೆಪರದೆ ಕಟ್ಟಬೇಕು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆಯ ಗಂಟೆ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ದೀಪಗಳಿಗಿಂತ ಮೊದಲು ಕೊಳ್ಳಬೇಕಾದ ವಸ್ತು ಅದು.

ಭಾರದ ಲೆಕ್ಕ

ಹಿಂದಿರುಗುವಾಗ ಯೇವಲಾದಲ್ಲಿ ಈರುಳ್ಳಿಯ ಟ್ರ್ಯಾಕ್ಟರುಗಳನ್ನು ತೂಗುವ ಕಾಟಾದ ಮೇಲೆ ನಮ್ಮ ವಾಹನವನ್ನೂ ನಿಲ್ಲಿಸಿದೆವು. ತಯಾರಕರ ಫಲಕದಲ್ಲಿ ನಮೂದಿಸಿದ ಗರಿಷ್ಠ ಒಟ್ಟು ತೂಕಕ್ಕಿಂತ 210 ಕಿಲೋ ಹೆಚ್ಚಿತ್ತು! ಅರವತ್ತು ಲೀಟರ್ ನೀರೆಂದರೆ ಅರವತ್ತು ಕಿಲೋ. ಉಕ್ಕಿನ ಗಾರ್ಡ್, ಬ್ಯಾಟರಿ, ಹಲಗೆ, ಛಾವಣಿಯ ಸಾಮಾನು ಒಂದೊಂದೂ ಅಲ್ಪವೆನಿಸಿ ಒಟ್ಟಾಗಿ ಇಷ್ಟಾಗಿತ್ತು.

ಭಾರ ಹೆಚ್ಚಿದಂತೆ ಬ್ರೇಕ್ ಹಾಕಿದ ಮೇಲೆ ವಾಹನ ನಿಲ್ಲುವ ದೂರ ಹೆಚ್ಚುತ್ತದೆ, ಟೈರು ಕಾಯುತ್ತದೆ. ಅದೇ ಭಾರ ಛಾವಣಿಯ ಮೇಲಿದ್ದರೆ ತಿರುವಿನಲ್ಲಿ ಎತ್ತರದ ವಾಹನ ಮಗುಚುವ ಸಂಭವ ಅಧಿಕ. ಭಾರವಾದದ್ದೆಲ್ಲ ಕೆಳಗೆ, ಎರಡು ಗಾಲಿಸಾಲುಗಳ ನಡುವೆ ಇರಲಿ. ಹಾಸಿಗೆಯಂಥ ಹಗುರವಾದದ್ದು ಮಾತ್ರ ಮೇಲಿರಲಿ. ಹಳೆಯ ಎಸ್‌ಯುವಿಗಳ ಹಿಂಬದಿಯಲ್ಲಿ ಎದುರುಬದುರಾಗಿರುವ ಅಡ್ಡ ಸೀಟುಗಳಲ್ಲಿ ಮಕ್ಕಳನ್ನು ಕೂರಿಸುವುದು ಕ್ಷೇಮವಲ್ಲ. ಬೆಲ್ಟ್ ಇರುವ ಸೀಟುಗಳೆಷ್ಟೋ ಅಷ್ಟೇ ಜನ ಹೋಗಬೇಕು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳು ಇರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಹಳೆಯ ವಾಹನ ಕೊಳ್ಳುವವರು ಐದು ಟೈರುಗಳದನ್ನೂ ಓದಬೇಕು. 2025ರ ಜೂನ್ ತಿಂಗಳಲ್ಲಿ ಪೂರ್ತಿಯಾದ 701 ಕಿ.ಮೀ. ಉದ್ದದ ಮುಂಬಯಿ-ನಾಗಪುರ ಸಮೃದ್ಧಿ ಮಹಾಮಾರ್ಗದಂಥ ಕಾಂಕ್ರೀಟ್ ರಸ್ತೆಯಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ಸವೆದ ಟೈರು ಹೊರೆ ಹೊತ್ತು ವೇಗವಾಗಿ ಓಡುವುದು ಅಪಾಯವನ್ನು ಕರೆದಂತೆ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಮುಂಭಾಗದ ಉಕ್ಕಿನ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿತು. ಇದರ ಹಿಂದೆ ಆರೋಗ್ಯದ ಕಾರಣವೇ ಉಂಟು: ಗಾರ್ಡ್ ಪಾದಚಾರಿಗೆ ಹೆಚ್ಚಿನ ಗಾಯ ಮಾಡುತ್ತದೆ, ಏರ್‌ಬ್ಯಾಗ್ ಸಕಾಲಕ್ಕೆ ತೆರೆಯುವುದಕ್ಕೂ ಅಡ್ಡಿಯಾಗಬಹುದು. ನಮ್ಮದನ್ನು ಬಿಚ್ಚಿಸಿದೆವು.

ದೇಹದ ಆರೈಕೆ

ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಅಲುಗಾಡದೆ ಕುಳಿತರೆ ಕಾಲಿನ ಒಳಗಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ವೃದ್ಧರೂ ಗರ್ಭಿಣಿಯರೂ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರೂ ವಿಶೇಷ ಎಚ್ಚರ ವಹಿಸಬೇಕು. ಎರಡು ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆಯಬೇಕು. ಶೌಚಾಲಯ ಸಿಗಲಾರದೆಂದು ನೀರು ಕುಡಿಯದಿರುವುದು ನಮ್ಮ ಹೆಂಗಸರ ಹಳೆಯ ಅಭ್ಯಾಸ; ಅದರಿಂದ ಮೂತ್ರದ ಸೋಂಕಿಗೆ ಎಡೆಯಾಗುತ್ತದೆ. ನಿಲುಗಡೆಗಳನ್ನು ಮೊದಲೇ ಗೊತ್ತುಮಾಡಿಕೊಂಡರೆ ಆ ಸಂಕೋಚ ತಪ್ಪೀತು.

ಮಧ್ಯರಾತ್ರಿಯಿಂದ ಬೆಳಗಿನವರೆಗೆ ದೇಹ ಸ್ವಭಾವತಃ ನಿದ್ರೆ ಬೇಡುತ್ತದೆ. ಚಹಾ ಕುಡಿದು ಅದನ್ನು ಗೆಲ್ಲಲಾಗದು. ಆ ಹೊತ್ತಿನಲ್ಲಿ ವಾಹನ ನಡೆಸದಿರುವುದೇ ವಿವೇಕ. ಮಧುಮೇಹಿಗಳು ಇನ್ಸುಲಿನ್ನನ್ನು ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಬಿಡಕೂಡದು, ಮಂಜುಗಡ್ಡೆಗೆ ನೇರವಾಗಿ ತಾಗಿಸಲೂಕೂಡದು. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆ ಒಳ್ಳೆಯದು. ಮಹಾರಾಷ್ಟ್ರದಲ್ಲಿ ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033 ಎಂಬ ಸಂಖ್ಯೆಗಳನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಬೇಕು.

ಕೊನೆಯದಾಗಿ

ವಾಹನವನ್ನು ಸಜ್ಜುಗೊಳಿಸುವುದಕ್ಕೆ ಮೊದಲು ಅದನ್ನು ಮೇಲೆತ್ತಿಸಿ ತಳವನ್ನು ನೋಡಿರಿ. ಸಜ್ಜುಗೊಳಿಸಿದ ಬಳಿಕ ಕಾಟಾದ ಮೇಲೆ ತೂಗಿ ನೋಡಿರಿ. ಈ ಎರಡು ಕೆಲಸಗಳಿಗೆ ತಗಲುವ ಖರ್ಚು ಒಂದು ಹೊತ್ತಿನ ಊಟದ ಖರ್ಚಿಗಿಂತ ಹೆಚ್ಚಿರಲಾರದು.

ಅಂದು ಕೈಲಾಸ ದೇವಾಲಯವನ್ನು ನಾವು ಒಂದು ದಿನ ತಡವಾಗಿ ನೋಡಿದೆವು. ತಾಯಿಯವರು ಆನೆಯ ಸಾಲಿನ ಎದುರು ಮೊಮ್ಮಗುವಿನ ಕೈ ಹಿಡಿದು ಬಹಳ ಹೊತ್ತು ನಿಂತಿದ್ದರು. ಆ ರಾತ್ರಿ ಅವರಿಗೆ ಎಚ್ಚರವಾಗದೆ ಇದ್ದಿದ್ದರೆ ಎಂಬ ಮಾತನ್ನು ನಮ್ಮಲ್ಲಿ ಯಾರೂ ಆಡಲಿಲ್ಲ. ಓದುಗರಿಗೆ ಆ ಮಾತು ನೆನಪಿನಲ್ಲಿರಲೆಂದೇ ಇಲ್ಲಿ ಬರೆದಿದ್ದೇವೆ. ಎಲ್ಲರ ಪ್ರಯಾಣವೂ ಸುಖಕರವಾಗಲಿ.