ಸೋಪು, ಸುಣ್ಣ, ಸುಗಂಧ: ಪರೀಕ್ಷೆ ಮನೆಯ ನೀರಿನಲ್ಲೇ ನಡೆಯಲಿ

ಜಗಳೂರು: ಹಬ್ಬ ಹತ್ತಿರವಾದಂತೆ ಮನೆಗಳಲ್ಲಿ ಮೂರು ಕೆಲಸಗಳು ಒಟ್ಟಿಗೆ ಆರಂಭವಾಗುತ್ತವೆ. ಹಾಸಿಗೆ, ಹೊದಿಕೆಗಳನ್ನು ಒಗೆಯುವುದು, ಗೋಡೆಗೆ ಸುಣ್ಣಬಣ್ಣ ಬಳಿಯುವುದು, ಮನೆಯ ತುಂಬ ಸುವಾಸನೆ ಹರಡುವಂತೆ ಮಾಡುವುದು. ಈ ಮೂರಕ್ಕೂ ಬೇಕಾದ ಹೊಸ ಹೊಸ ಸರಕುಗಳು ಅಂಗಡಿಯ ಮುಂಗಟ್ಟಿಗೆ ಬರುವುದೂ ಇದೇ ಸಮಯದಲ್ಲಿ. ಆದರೆ ಜಾಹೀರಾತಿನಲ್ಲಿ ಒಂದೇ ಅದ್ದಿಗೆ ಹಾಲಿನಂತೆ ಬೆಳಗುವ ಅಂಗಿ ಬಯಲುಸೀಮೆಯ ಕೊಳವೆ ಬಾವಿಯ ನೀರಿನಲ್ಲಿ ಮೂರು ಸಲ ಒಗೆದರೂ ಮಾಸಲಾಗಿಯೇ ಉಳಿಯುವುದುಂಟು. ತಪ್ಪು ಪುಡಿಯದೋ, ಕೈಯದೋ, ನೀರಿನದೋ ಎಂಬುದು ತಿಳಿಯದೆ ಗೃಹಿಣಿ ಮತ್ತೊಂದು ಪೊಟ್ಟಣ ಕೊಳ್ಳುತ್ತಾಳೆ.

ಪೊಟ್ಟಣದ ಮೇಲೆ ಬರೆದಿರದ, ಆದರೆ ಫಲಿತಾಂಶವನ್ನು ನಿರ್ಧರಿಸುವ ವಸ್ತು ಒಂದಿದೆ. ಅದು ನೀರು. ಯಾವುದೇ ಸೋಪು, ಪುಡಿ ಅಥವಾ ದ್ರಾವಣವನ್ನು ಪರೀಕ್ಷಿಸುವ ಮುನ್ನ ಮನೆಯ ನೀರನ್ನು ಪರೀಕ್ಷಿಸಿಕೊಳ್ಳುವುದು ಮೊದಲ ಹೆಜ್ಜೆ.

ನೀರಿನೊಳಗಿನ ಸುಣ್ಣ

ಜಗಳೂರು ರಾಜ್ಯದ ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿರುವ ಊರು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಈ ತಾಲ್ಲೂಕು ಚಿತ್ರದುರ್ಗದಿಂದ ಬೇರ್ಪಟ್ಟು ಹೊಸ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದರೂ ಮಳೆಯ ಲೆಕ್ಕ ಬದಲಾಗಲಿಲ್ಲ. ಕೆರೆಗಳು ಬತ್ತಿದ ವರ್ಷಗಳಲ್ಲಿ ಜನರು ಆಳದ ಕೊಳವೆ ಬಾವಿಗಳನ್ನೇ ನೆಚ್ಚಿಕೊಂಡರು. ಬಂಡೆಗಳ ಬಿರುಕಿನಲ್ಲಿ ದೀರ್ಘಕಾಲ ನಿಂತ ಇಂತಹ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಇದನ್ನೇ ಗಡಸು ನೀರು ಎನ್ನುತ್ತಾರೆ. ಬಕೆಟ್ಟಿನ ಅಂಚಿನಲ್ಲಿ, ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿಯ ಪದರ ಅದರ ಗುರುತು.

ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಸಹಿಸಬಹುದು. ಕುಡಿಯುವವರಿಗೆ ಇದು ಮುಖ್ಯವಾಗಿ ರುಚಿಯ ಪ್ರಶ್ನೆ. ಬಟ್ಟೆ ಒಗೆಯುವವರಿಗೆ ಮಾತ್ರ ಇದು ನೇರವಾಗಿ ಹಣದ ಪ್ರಶ್ನೆ.

ಕರಗಿ ಹೋಗುವ ಸೋಪಿನ ಲೆಕ್ಕ

ಸೋಪು ಗಡಸು ನೀರಿಗೆ ಬಿದ್ದೊಡನೆ ಕೊಳೆಯ ಕಡೆಗೆ ಹೋಗುವುದಿಲ್ಲ. ಮೊದಲು ನೀರಿನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಮೊಸರಿನ ಚೂರಿನಂತಹ ಜಿಡ್ಡುಗಸಿಯಾಗುತ್ತದೆ. ಕ್ಯಾಲ್ಸಿಯಂ ಮುಗಿದ ಮೇಲೆಯೇ ನೊರೆ, ನೊರೆ ಬಂದ ಮೇಲೆಯೇ ಶುಚಿ. ರಸಾಯನಶಾಸ್ತ್ರದ ಸರಳ ಲೆಕ್ಕದಂತೆ, 600 ಮಿಲಿಗ್ರಾಂ ಗಡಸುತನದ 20 ಲೀಟರ್ ನೀರು ಸುಮಾರು 70 ಗ್ರಾಂ ಸೋಪನ್ನು ಹೀಗೆ ನುಂಗಿಬಿಡಬಲ್ಲದು. ಒಂದು ಬಕೆಟ್ ನೀರಿಗೆ ಮುಕ್ಕಾಲು ಬಿಲ್ಲೆ ಸೋಪು ಬಟ್ಟೆಯನ್ನು ಮುಟ್ಟುವ ಮೊದಲೇ ಖರ್ಚು ಎಂದಾಯಿತು.

ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಈ ಗಸಿ ನೂಲಿನ ಎಳೆಗಳ ನಡುವೆ ಕೂರುತ್ತದೆ. ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತದೆ, ಟವೆಲ್ಲು ಒರಟಾಗುತ್ತದೆ, ಒದ್ದೆಯಾದಾಗ ಮುಗ್ಗುಲು ವಾಸನೆ ಬರುತ್ತದೆ. ಆ ವಾಸನೆಯನ್ನು ಮುಚ್ಚಲು ಪರಿಮಳದ ದ್ರಾವಣ, ಆ ಬೂದು ಬಣ್ಣವನ್ನು ಮರೆಸಲು ನೀಲಿ ಎಂದು ಖರ್ಚಿನ ಸರಣಿ ಬೆಳೆಯುತ್ತದೆ. ನೀಲಿ ಕೊಳೆಯನ್ನು ತೆಗೆಯುವುದಿಲ್ಲ, ಹಳದಿಯನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ ಅಷ್ಟೆ.

ಡಿಟರ್ಜೆಂಟ್ ಪುಡಿ ಈ ತೊಂದರೆಗೆ ಬಹುಮಟ್ಟಿಗೆ ಪರಿಹಾರ ಒದಗಿಸಿತು. 1969ರಲ್ಲಿ ಗುಜರಾತಿನಲ್ಲಿ ಆರಂಭವಾದ ನಿರ್ಮಾ, ಕಡಿಮೆ ಬೆಲೆಯ ಪುಡಿಯನ್ನು ಸಾಮಾನ್ಯರ ಮನೆಗೂ ಮುಟ್ಟಿಸಿತು. ಡಿಟರ್ಜೆಂಟ್ ಗಡಸು ನೀರಿನಲ್ಲಿಯೂ ಸೋಪಿನಂತೆ ಒಡೆದು ಗಸಿಯಾಗುವುದಿಲ್ಲ. ಆದರೆ ನೊರೆ ಹೆಚ್ಚಾದಷ್ಟೂ ಬಟ್ಟೆ ಶುಚಿ ಎಂಬ ನಂಬಿಕೆಗೆ ಆಧಾರವಿಲ್ಲ. ಹೆಚ್ಚು ಪುಡಿ ಹಾಕಿದರೆ ಹಿಂಡಿ ತೆಗೆಯಲು ಹೆಚ್ಚು ನೀರು ಬೇಕು. ಟ್ಯಾಂಕರಿಗೆ ಕಾಯುವ ಬೀದಿಗಳಲ್ಲಿ ಆ ಎರಡನೆಯ ಬಕೆಟ್ ಸಿಗುವುದು ಕಷ್ಟ. ಸರಿಯಾಗಿ ಜಾಲಿಸದ ಬಟ್ಟೆಯಲ್ಲಿ ಉಳಿದ ಪುಡಿ ಮಕ್ಕಳ ಚರ್ಮಕ್ಕೆ ತುರಿಕೆ ತರಬಹುದು.

ಮಡಿವಾಳರ ಅರಿವು

ಗಡಸು ನೀರನ್ನು ಗೆಲ್ಲುವ ಉಪಾಯ ಪುಡಿಯ ಕಾರ್ಖಾನೆಗಳಿಗಿಂತ ಹಳೆಯದು. ಮಡಿವಾಳರು ಬಟ್ಟೆಗಳನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಬಳಿಕ ಕೆರೆಯ ಕಲ್ಲಿನ ಮೇಲೆ ಒಗೆಯುತ್ತಿದ್ದರು. ಚೌಳು ಮಣ್ಣಿನಲ್ಲಿರುವ ಮುಖ್ಯ ವಸ್ತು ಸೋಡಿಯಂ ಕಾರ್ಬೊನೇಟ್. ಇಂದು ಕಿರಾಣಿ ಅಂಗಡಿಯಲ್ಲಿ ಬಟ್ಟೆ ಸೋಡಾ ಎಂದು ಸಿಗುವುದೂ ಅದೇ. ಇದು ನೀರಿನ ಕ್ಯಾಲ್ಸಿಯಂ ಅನ್ನು ಬಿಳಿಯ ಮಡ್ಡಿಯಾಗಿ ತಳಕ್ಕೆ ಇಳಿಸಿ ನೀರನ್ನು ಮೆದುಗೊಳಿಸುತ್ತದೆ.

ಮೇಲೆ ಹೇಳಿದ ಅದೇ 20 ಲೀಟರ್ ನೀರಿಗೆ, ಲೆಕ್ಕದಂತೆ, ಸುಮಾರು 13 ಗ್ರಾಂ ಒಣ ಸೋಡಾ ಪುಡಿ ಸಾಕು. ಹರಳಿನ ರೂಪದ ಸೋಡಾ ಆದರೆ ಅದರೊಳಗೆ ನೀರಿನಂಶ ಸೇರಿರುವುದರಿಂದ 35 ಗ್ರಾಂನಷ್ಟು ಬೇಕಾಗುತ್ತದೆ. ಸೋಡಾ ಕರಗಿಸಿ ಅರ್ಧ ಗಂಟೆ ಬಿಟ್ಟು, ತಿಳಿಯಾದ ಮೇಲಿನ ನೀರನ್ನು ಬಗ್ಗಿಸಿ ತೆಗೆದರೆ ಸೋಪು ಬೇಗ ನೊರೆಗಟ್ಟುತ್ತದೆ. ರೇಷ್ಮೆ ಮತ್ತು ಉಣ್ಣೆಗೆ ಮಾತ್ರ ಸೋಡಾ ಸಲ್ಲದು. ಅದರ ಕ್ಷಾರ ಆ ನೂಲುಗಳನ್ನು ಕೆಡಿಸುತ್ತದೆ. ಅಂತಹ ಸೀರೆಗಳಿಗೆ ಅಂಟುವಾಳ ಕಾಯಿಯ ನೊರೆ ಇಂದಿಗೂ ಸೌಮ್ಯವಾದ ದಾರಿ. ಅದರ ನೊರೆಗೆ ಕಾರಣವಾದ ಸಪೋನಿನ್ ಸೋಪಿನಂತೆ ಕ್ಯಾಲ್ಸಿಯಂಗೆ ಬಲಿಯಾಗುವುದಿಲ್ಲ.

ಮನೆಯಲ್ಲೇ ಪರೀಕ್ಷೆ ಹೇಗೆ?

ಮೊದಲ ಪರೀಕ್ಷೆ ನೀರಿಗೆ. ಎರಡು ಒಂದೇ ಅಳತೆಯ ಬಾಟಲಿಗಳಲ್ಲಿ ಒಂದಕ್ಕೆ ಮನೆಯ ನೀರು, ಇನ್ನೊಂದಕ್ಕೆ ಹಿಡಿದಿಟ್ಟ ಮಳೆ ನೀರು ತುಂಬಬೇಕು. ಎರಡಕ್ಕೂ ಸ್ನಾನದ ಸೋಪಿನ ಸಮಪ್ರಮಾಣದ ತುರಿ ಹಾಕಿ, ಮುಚ್ಚಿ, ಅಷ್ಟೇ ಸಲ ಕುಲುಕಬೇಕು. ಮಳೆ ನೀರಿನಲ್ಲಿ ನೊರೆ ತುಂಬುತ್ತದೆ. ಮನೆಯ ನೀರಿನಲ್ಲಿ ನೊರೆ ಇಳಿದು ಬಿಳಿ ಚೂರುಗಳು ತೇಲಿದರೆ ಅದು ಗಡಸು. ಇದಕ್ಕೆ ಡಿಟರ್ಜೆಂಟ್ ಬಳಸಿದರೆ ವ್ಯತ್ಯಾಸ ತಿಳಿಯದು.

ಎರಡನೆಯದು ಪುಡಿಗೆ. ಹಳೆಯ ಬಿಳಿ ಪಂಚೆಯೊಂದನ್ನು ನಾಲ್ಕು ತುಂಡು ಮಾಡಿ, ಪ್ರತಿಯೊಂದಕ್ಕೂ ಚಹಾ, ಎಣ್ಣೆ ಮತ್ತು ಮಣ್ಣಿನ ಒಂದೇ ಬಗೆಯ ಕಲೆ ಮಾಡಿ ಒಣಗಿಸಬೇಕು. ಒಂದನ್ನು ಬರಿ ನೀರಿನಲ್ಲಿ, ಎರಡನೆಯದನ್ನು ಹಳೆಯ ಪುಡಿಯಲ್ಲಿ, ಮೂರನೆಯದನ್ನು ಹೊಸ ಪುಡಿಯಲ್ಲಿ, ನಾಲ್ಕನೆಯದನ್ನು ಸೋಡಾ ಹಾಕಿ ಮೆದುಗೊಳಿಸಿದ ನೀರಿನಲ್ಲಿ ಹಳೆಯ ಪುಡಿಯಿಂದಲೇ ಒಗೆಯಬೇಕು. ನೆನೆಸುವ ಹೊತ್ತು, ನೀರಿನ ಅಳತೆ, ಪುಡಿಯ ಚಮಚ ಎಲ್ಲವೂ ಒಂದೇ ಆಗಿರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಈ ಪರೀಕ್ಷೆಯ ಜೀವಾಳ. ಒಣಗಿದ ಮೇಲೆ ಹಗಲಿನ ಬೆಳಕಿನಲ್ಲಿ ಹೋಲಿಸಬೇಕು. ನಾಲ್ಕೈದು ಒಗೆತದ ಬಳಿಕ ಕಾಣುವ ಬಣ್ಣವೇ ನಿಜವಾದ ತೀರ್ಪು. ಬಣ್ಣದ ಬಟ್ಟೆಯಾದರೆ ಒಳಮಡಿಕೆಯ ಅಂಚಿಗೆ ಒಂದು ಹನಿ ಹಾಕಿ, ಬಿಳಿ ಬಟ್ಟೆಯಿಂದ ಒತ್ತಿ ನೋಡಿದ ನಂತರವೇ ಮುಂದುವರಿಯುವುದು ಕ್ಷೇಮ.

ನೀರಿನ ಮೂಲ ಬದಲಾದಾಗ ಪರೀಕ್ಷೆಯನ್ನೂ ಮರುಕಳಿಸಬೇಕು. ತುಂಗಭದ್ರಾ ನದಿಯಿಂದ ನೀರೆತ್ತಿ ಈ ಭಾಗದ ಕೆರೆಗಳನ್ನು ತುಂಬಿಸುವ 57 ಕೆರೆಗಳ ಯೋಜನೆ ಜಗಳೂರಿಗೆ ಹೊಸ ಆಸೆ ತಂದಿದೆ. ನದಿ ಮತ್ತು ಕೆರೆಯ ನೀರು ಸಾಮಾನ್ಯವಾಗಿ ಆಳದ ಕೊಳವೆ ಬಾವಿಯ ನೀರಿಗಿಂತ ಮೆದು. ಅಂತಹ ನೀರಿಗೆ ಹಳೆಯ ಅಳತೆಯ ಪುಡಿ ಹಾಕುವುದು ದುಂದು.

ಗೋಡೆಯ ಮೇಲಿನ ಸುಣ್ಣ

ಬಟ್ಟೆಯನ್ನು ಮಾಸಿಸುವ ಕ್ಯಾಲ್ಸಿಯಮ್ಮೇ ಗೋಡೆಯನ್ನು ಬೆಳಗುತ್ತದೆ ಎಂಬುದು ಸೋಜಿಗ. ಅರಳಿಸಿದ ಸುಣ್ಣವನ್ನು ಬಳಿದಾಗ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಒಂದೇ ದಪ್ಪ ಪದರಕ್ಕಿಂತ ತೆಳುವಾದ ಎರಡು ಮೂರು ಪದರಗಳು ಹೆಚ್ಚು ಬಾಳಿಕೆ ಬರುವುದು ಇದರಿಂದಲೇ. ಹಸಿ ಸುಣ್ಣ ಮಂಕಾಗಿ ಕಂಡು ಒಣಗಿದ ಮೇಲೆ ಬೆಳ್ಳಗಾಗುವುದರಿಂದ, ಬಾಗಿಲ ಹಿಂದಿನ ಒಂದು ಮೊಳ ಜಾಗದಲ್ಲಿ ಬಳಿದು ಮರುದಿನ ನೋಡುವುದು ಜಾಣತನ. ಸುಣ್ಣದ ಕಲ್ಲು ನೀರಿಗೆ ಬಿದ್ದಾಗ ಕುದಿದು ಸಿಡಿಯುತ್ತದೆ. ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕೂಡಲೇ ಧಾರಾಳ ನೀರಿನಿಂದ ತೊಳೆದು ವೈದ್ಯರ ಬಳಿ ಹೋಗಬೇಕು.

ಡಬ್ಬಿಯ ಬಣ್ಣ ಕೊಳ್ಳುವವರು ಸೀಸದ ಪ್ರಮಾಣ ಗಮನಿಸಬೇಕು. ಗೃಹಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಹಳೆಯ ಕಿಟಕಿ, ತೊಟ್ಟಿಲುಗಳ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸುವುದು ಮಕ್ಕಳಿರುವ ಮನೆಗೆ ಒಳಿತಲ್ಲ.

ಪರಿಮಳದ ಹೊದಿಕೆ

ಸುವಾಸನೆಯ ವಿಷಯದಲ್ಲಿ ಕನ್ನಡ ನಾಡಿಗೆ ದೊಡ್ಡ ಹೆಸರಿದೆ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಅದರ ಬೆನ್ನಿಗೇ ಬೆಂಗಳೂರಿನ ಸರ್ಕಾರಿ ಸೋಪು ಕಾರ್ಖಾನೆಯಿಂದ ಮೈಸೂರು ಸ್ಯಾಂಡಲ್ ಸೋಪು ಬಂದಿತು. ಮೈಸೂರಿನ ಊದುಬತ್ತಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿದೆ. ಹಾಲುಮಡ್ಡಿಯ ಊದುಬತ್ತಿಯ ಕಂಪು ಇಂದಿಗೂ ಪೂಜೆಯ ಮನೆಯ ನೆನಪು.

ಆದರೆ ಪರಿಮಳ ಶುಚಿಯ ಪುರಾವೆಯಲ್ಲ. ಊದುಬತ್ತಿಯಾಗಲಿ ಲೋಬಾನವಾಗಲಿ, ಉರಿದಾಗ ಶ್ವಾಸಕೋಶಕ್ಕೆ ಇಳಿಯಬಲ್ಲ ಸೂಕ್ಷ್ಮ ಕಣಗಳನ್ನು ಬಿಡುತ್ತವೆ. ಉಬ್ಬಸವುಳ್ಳವರು, ಹಸುಗೂಸುಗಳು ಇರುವ ಮನೆಯಲ್ಲಿ ಕಿಟಕಿ ತೆರೆದೇ ಹಚ್ಚಬೇಕು. ಒತ್ತಿ ಸಿಂಪಡಿಸುವ ಡಬ್ಬಿಗಳಲ್ಲಿ ಬೇಗ ಹೊತ್ತಿಕೊಳ್ಳುವ ಅನಿಲವಿರುತ್ತದೆ. ಅವುಗಳನ್ನು ಒಲೆಯ ಬಳಿ ಬಳಸಬಾರದು. ಪೆಟ್ಟಿಗೆಯಲ್ಲಿಡುವ ನ್ಯಾಫ್ತಲೀನ್ ಗುಳಿಗೆಯ ವಾಸನೆ ಹತ್ತಿದ ಬಟ್ಟೆಯನ್ನು ಗಾಳಿಗೆ ಹಾಕದೆ ಕೂಸಿಗೆ ಹೊದಿಸಬಾರದು. ರಕ್ತದ ಕೆಲವು ಹುಟ್ಟು ದೋಷಗಳಿರುವ ಶಿಶುಗಳಲ್ಲಿ ಅದು ರಕ್ತಕಣಗಳನ್ನು ಒಡೆಯಬಲ್ಲದು. ಸೀರೆಯ ಪೆಟ್ಟಿಗೆಗೆ ಲಾವಂಚದ ಬೇರು, ಒಣಗಿದ ಕೇದಗೆಯಂತಹ ಹಳೆಯ ಪರಿಮಳಗಳಿವೆ. ಬಟ್ಟೆ ಮೃದುಗೊಳಿಸುವ ದ್ರಾವಣ ನೂಲಿನ ಮೇಲೆ ತೆಳು ಜಿಡ್ಡಿನ ಪದರ ಬಿಡುತ್ತದೆ. ಸೀರೆಗೆ ಅದು ಹಿತ, ನೀರು ಹೀರಬೇಕಾದ ಟವೆಲ್ಲಿಗೆ ಅಲ್ಲ.

ಬೆರೆಸಬಾರದವು

ಪರೀಕ್ಷೆಯ ಉತ್ಸಾಹದಲ್ಲಿ ಎರಡು ದ್ರಾವಣಗಳನ್ನು ಒಟ್ಟುಗೂಡಿಸುವುದು ಅತ್ಯಂತ ಅಪಾಯಕಾರಿ. ಬ್ಲೀಚಿಂಗ್ ಪುಡಿಯನ್ನು ಶೌಚಾಲಯ ತೊಳೆಯುವ ಆಮ್ಲದೊಡನೆ ಬೆರೆಸಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಹುಣಸೆ ಅಥವಾ ನಿಂಬೆಯ ಹುಳಿಯಿಂದ ಬಕೆಟ್ಟಿನ ಸುಣ್ಣದ ಪದರ ತೆಗೆಯಬಹುದು, ಆದರೆ ಬ್ಲೀಚಿನೊಡನೆ ಹುಳಿಯೂ ಬೇಡ. ದ್ರಾವಣಗಳನ್ನು ಹಳೆಯ ತಂಪು ಪಾನೀಯದ ಬಾಟಲಿಗೆ ತುಂಬಿಡುವ ಅಭ್ಯಾಸವನ್ನೂ ಕೈಬಿಡಬೇಕು.

ಸಂತೆಯಲ್ಲಿ ಬಿಡಿಯಾಗಿ ಸಿಗುವ ಹೆಸರಿಲ್ಲದ ಫಿನಾಯಿಲಿನ ಬಾಟಲಿಗಿಂತ ಚೀಟಿಯಿರುವುದು ಮೇಲು. ಪೊಟ್ಟಣದ ಸರಕಿನ ಮೇಲೆ ತಯಾರಕರ ವಿಳಾಸ, ನಿವ್ವಳ ತೂಕ, ತಯಾರಿಕೆಯ ತಿಂಗಳು, ಗರಿಷ್ಠ ಮಾರಾಟ ಬೆಲೆ ಮುದ್ರಿತವಾಗಿರಬೇಕು ಎಂಬುದು ಕಾನೂನು. ಸ್ನಾನದ ಸೋಪಾದರೆ ಟಿಎಫ್ಎಂ ಎಂಬ ಅಂಕಿಯನ್ನು ನೋಡಬೇಕು. ಮೊದಲ ದರ್ಜೆಗೆ ಶೇ 76ರಷ್ಟಾದರೂ ಕೊಬ್ಬಿನಂಶ ಬೇಕು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ನೊರೆ ನೋಡಿ ಕುಡಿಯಬೇಡಿ

ಕೊನೆಯದಾಗಿ, ಈ ತಾಲ್ಲೂಕು ಮರೆಯಬಾರದ ಸಂಗತಿ ಒಂದಿದೆ. ಜಗಳೂರು ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಲವು ವರ್ಷಗಳಿಂದ ದಾಖಲಾಗಿದೆ. ಹಲ್ಲಿನ ಮೇಲಿನ ಕಂದು ಕಲೆ, ಮೂಳೆ ಕೀಲುಗಳ ಬಿಗಿತ ಅದರ ಫಲ. ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, 1.5 ಮಿಲಿಗ್ರಾಂ ಮೀರುವಂತಿಲ್ಲ. ಸೋಪಿನ ಪರೀಕ್ಷೆ ಫ್ಲೋರೈಡನ್ನು ತೋರಿಸುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಿರುವ ಮೆದು ನೀರಿನಲ್ಲಿ ಫ್ಲೋರೈಡ್ ಹೆಚ್ಚು ಕರಗಿರುವ ಸಂಭವವೇ ಅಧಿಕ. ಸೋಪು ಚೆನ್ನಾಗಿ ನೊರೆಗಟ್ಟಿತೆಂದು ಆ ನೀರನ್ನು ಸಿಹಿನೀರೆಂದು ಭಾವಿಸಿ ಕುಡಿಯುವುದು ತಪ್ಪು. ಕುದಿಸಿದರೂ, ಸೋಡಾ ಹಾಕಿದರೂ ಫ್ಲೋರೈಡ್ ಹೋಗದು. ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೊಂದೇ ದಾರಿ.

ಬಟ್ಟೆಗೂ ಬಾಯಿಗೂ ಒಪ್ಪುವ ನೀರು ಬಯಲುಸೀಮೆಗೆ ಬರುವುದು ಮೇಲಿನಿಂದಲೇ. ನೂರು ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ ಒಂದು ಸಾವಿರ ಲೀಟರ್ ನೀರು. ಸೋರಿಕೆ ಕಳೆದರೂ ಸುಮಾರು 800 ಲೀಟರ್, ಅಂದರೆ 40 ಬಕೆಟ್. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟು ಉಳಿದದ್ದನ್ನು ಹಿಡಿದಿಟ್ಟರೆ ಅಷ್ಟು ಬಕೆಟ್‌ಗಳ ಮಟ್ಟಿಗೆ ಸೋಡಾ ಬೇಡ, ನೀಲಿ ಬೇಡ, ವಾಸನೆ ಮುಚ್ಚುವ ದ್ರಾವಣವೂ ಬೇಡ.